ಎವೆಯಿಕ್ಕದವರ ಮೊದಲ ಆಟ

ಮನುಷ್ಯನ ಕಣ್ಣನ್ನು ನಂಬಿಸುವುದಕ್ಕೆ ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರಗಳು ಸಾಕು. ನಮ್ಮ ಹಿರಿಯರೆಲ್ಲ ಅಷ್ಟರಲ್ಲೇ ನಕ್ಕರು, ಅತ್ತರು, ಶಿಳ್ಳೆ ಹೊಡೆದರು, ದೇವರ ಪಾತ್ರ ಬಂದಾಗ ಕೈಮುಗಿದರು. ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಉಳಿದ ಬಿರುಕನ್ನು ಅವರ ಮನಸ್ಸು ತಾನೇ ತುಂಬಿಕೊಳ್ಳುತ್ತಿತ್ತು. ಆ ಬಿರುಕೇ ಇಲ್ಲದಂತಾದರೆ? ಸೆಕೆಂಡಿಗೆ ಸಾವಿರ ಚಿತ್ರಗಳು ಓಡಿ, ಪರದೆಯ ಮೇಲಿನ ಮುಖದಲ್ಲಿ ಒಂದೊಂದು ರೋಮವನ್ನೂ ಎಣಿಸುವಂತಾದರೆ, ತುಂಬುವ ಕೆಲಸ ತಪ್ಪಿದ ಮನಸ್ಸು ಆಮೇಲೆ ಏನು ಮಾಡೀತು?

ಡಾಕ್ಟರ್ ಗುರುಪಾದಪ್ಪನವರು ಧಾರವಾಡದ ತಮ್ಮ ಪ್ರಯೋಗಾಲಯದಲ್ಲಿ ಬಹಳ ವರ್ಷ ಈ ಪ್ರಶ್ನೆಯ ಬೆನ್ನು ಹತ್ತಿದ್ದರು. ಉತ್ತರ ಸಿಕ್ಕ ದಿನ ಅವರಿಗೇ ನಂಬಿಕೆ ಬರಲಿಲ್ಲ. ಗುಂಡಿಗೆ ಒಮ್ಮೆ ಬಡಿದರೆ ಮನುಷ್ಯನ ಕೆನ್ನೆಗೆ ರಕ್ತವೇರಿ ಬಣ್ಣ ಕೂದಲೆಳೆಯಷ್ಟು ಬದಲಾಗುತ್ತದೆ. ಎದುರಿಗೆ ಕೂತವರಿಗೂ ಅದು ಕಾಣುವುದಿಲ್ಲ. ಆದರೆ ಸಾವಿರ ಚಿತ್ರದ ಪರದೆಯಲ್ಲಿ, ಮನೆಯೆತ್ತರದ ಮುಖದಲ್ಲಿ, ಅದು ಇತ್ತು. ಕಣ್ಣು ಹಿಡಿಯದಿದ್ದರೂ ಮೈ ಅದನ್ನು ಹಿಡಿಯುತ್ತಿತ್ತು. ನಟ ಉಸಿರನ್ನು ನಿಧಾನಿಸಿದರೆ ನೋಡುವವನ ಉಸಿರೂ ನಿಧಾನವಾಗುತ್ತಿತ್ತು. ನಟನ ನಾಡಿ ಇಳಿದರೆ ನೋಡುವವನ ನಾಡಿಯೂ ಅದರ ಹಿಂದೆಯೇ ಇಳಿಯುತ್ತಿತ್ತು. ತಾಯಿಯ ಎದೆಗೊರಗಿ ಮಲಗಿದ ಕೂಸಿನ ಉಸಿರು ತಾಯಿಯ ಉಸಿರಿನೊಡನೆ ಸೇರಿಹೋಗುತ್ತದಲ್ಲ, ಹಾಗೆ. ಪ್ರಯೋಗಾಲಯದವರು ಇದಕ್ಕೆ ಕೂಡಿಕೆ ಎಂದು ಹೆಸರಿಟ್ಟರು.

ಕೂಡಿಕೆ ಬಹಳ ಹೊತ್ತು ನಿಲ್ಲುತ್ತಿರಲಿಲ್ಲ. ನೋಡುವವನು ಎವೆ ಬಡಿದೊಡನೆ ಅದು ತಾನಾಗಿ ಕಳಚುತ್ತಿತ್ತು. ಮನುಷ್ಯನಾದವನು ನಿಮಿಷಕ್ಕೆ ಹತ್ತು ಹದಿನೈದು ಸಲ ಎವೆ ಬಡಿಯುತ್ತಾನೆ. ಹಾಸ್ಟೆಲ್ ಹುಡುಗರನ್ನು ಕರೆತಂದು ಕೂರಿಸಿ ಗುರುಪಾದಪ್ಪನವರು ಮತ್ತೆ ಮತ್ತೆ ಪರೀಕ್ಷಿಸಿದರು. ಹುಡುಗರು ಚುರುಮುರಿ ತಿನ್ನುತ್ತಿದ್ದರು, ಪಕ್ಕದವನನ್ನು ತಿವಿಯುತ್ತಿದ್ದರು, ನಡುನಡುವೆ ಫೋನು ನೋಡುತ್ತಿದ್ದರು. ಯಾರಿಗೂ ಏನೂ ಆಗಲಿಲ್ಲ. ಒಂದೇ ಒಂದು ಸಲ, ಹಿಂದಿನ ಸಾಲಿನಲ್ಲಿ ಸುಮ್ಮನೆ ನೋಡುತ್ತ ಕೂತಿದ್ದ ಕಾವಲುಗಾರ ಸಂಗಯ್ಯ, ನಡುವೆ ಕರೆಂಟು ಹೋಗಿ ಪರದೆ ಕಪ್ಪಾದ ಕ್ಷಣ, ಕತ್ತಲಲ್ಲಿ ಇಲ್ಲದ ಮೆಟ್ಟಿಲಿಗೆ ಕಾಲಿಟ್ಟವನಂತೆ ಮುಗ್ಗರಿಸಿ ಕುಸಿದಿದ್ದ. ನಾಡಿ ತಪ್ಪಿತ್ತು. ಆಸ್ಪತ್ರೆಯಲ್ಲಿ ವಾರ ಇದ್ದು ಎದ್ದುಬಂದ. ಕೂಡಿಕೆ ಗಟ್ಟಿಯಾಗಿದ್ದಾಗ ಪರದೆ ಥಟ್ಟನೆ ಆರಬಾರದು ಎಂದು ಅವರು ಅದರಿಂದ ಕಲಿತರು, ಯಂತ್ರಕ್ಕೆ ದೊಡ್ಡ ಬ್ಯಾಟರಿ ಜೋಡಿಸಿದರು. ಸಂಗಯ್ಯನಿಗೇ ಯಾಕೆ ಹಾಗಾಯಿತು ಎಂದು ಯಾರೂ ಕೇಳಲಿಲ್ಲ. ವಯಸ್ಸಾಗಿದೆ ಎಂದುಕೊಂಡರು. ಅಪಾಯವಿಲ್ಲ ಎಂಬ ವರದಿಗೆ ಗುರುಪಾದಪ್ಪನವರೇ ಸಹಿ ಹಾಕಿದರು.

ಆ ಯಂತ್ರವನ್ನು ಮೊದಲು ತನ್ನ ಚಿತ್ರಮಂದಿರಕ್ಕೆ ಕೇಳಿದವನು ಬೆಟಗೇರಿಯ ಮುರಿಗೆಪ್ಪ. ಅಜ್ಜನ ಕಾಲದ ಟಾಕೀಜು ಅವನದು.

"ಗ್ವಾಡಿ ತುಂಬ ಪರದೆ ಮನಿ ಮನಿಗೂ ಆತ್ರಿ. ಕಟಿಂಗ್ ಅಂಗಡ್ಯಾಗೂ ಐತಿ," ಎಂದು ಅವನು ಧಾರವಾಡಕ್ಕೆ ಬಂದು ಕೂತು ಹೇಳಿದ್ದ. "ಮನ್ಯಾಗ ಅಡ್ಡ ಬಿದ್ದಕೊಂಡು ನೋಡೂದನ್ನ ಮಂದಿ ನನ್ನ ಟಾಕೀಜಿಗೆ ಬಂದು ಯಾಕ ನೋಡ್ತಾರ್ರಿ? ನನ್ನ ಮಾರಿ ನೋಡಾಕ? ಮನ್ಯಾಗ ಸಿಗಲಾರದ್ದು ಏನರೆ ಕೊಡ್ರಿ."

ಅವನೇ ಹಣ ಹಾಕಿ ಸಿನಿಮಾ ತೆಗೆಸಿದ. ಕಪ್ಪತಗುಡ್ಡದ ಗವಿಯಲ್ಲಿ ಲಿಂಗೈಕ್ಯನಾದನೆಂದು ಹೇಳುವ ಮೌನಯ್ಯ ಎಂಬ ಶರಣನ ಕಥೆ. ಕಡೆಯ ಅರ್ಧ ಗಂಟೆಯನ್ನು ಒಂದೇ ಓಟದಲ್ಲಿ ಚಿತ್ರಿಸಿದ್ದರು. ಕ್ಯಾಮೆರಾ ಅಯ್ಯನ ಮುಖ ಬಿಟ್ಟು ಕದಲುವುದಿಲ್ಲ. ಪಾತ್ರ ಮಾಡಿದ ನಾಟಕದ ನಟ ಪ್ರಾಣಾಯಾಮ ಬಲ್ಲವನು. ನಾಡಿಯನ್ನು ಇಳಿಸುತ್ತ ಇಳಿಸುತ್ತ ಹೋಗಿ, ಕೊನೆಗೆ ಉಸಿರು ನಿಲ್ಲಿಸುತ್ತಾನೆ. ನಿಂತ ಉಸಿರು ಮತ್ತೆ ಬರುವ ಮೊದಲೇ ಮುಖ ಮೆಲ್ಲಗೆ ಬೆಳಕಿನಲ್ಲಿ ಕರಗಿ ಚಿತ್ರ ಮುಗಿಯುತ್ತದೆ. ಚಿತ್ರೀಕರಣ ಮುಗಿದ ಮೇಲೆ ಆತ ಎದ್ದು ಚಹಾ ಕುಡಿದು ನಗುತ್ತ ಮನೆಗೆ ಹೋದನಂತೆ.

ಶ್ರಾವಣದ ಮೊದಲ ಸೋಮವಾರ ಬೆಳಗಿನ ಆಟಕ್ಕೆ ಮುಹೂರ್ತ ಇಟ್ಟರು.

ಹಿಂದಿನ ವಾರ ಗುರುಪಾದಪ್ಪನವರ ಮನೆಯಲ್ಲಿ ಒಂದು ಮಾತು ನಡೆದಿತ್ತು. ಅವರ ಮಗಳು ಗಂಗಾ ಮೆದುಳು ಜ್ವರದಿಂದ ತೀರಿಕೊಂಡು ವರ್ಷ ತುಂಬಿತ್ತು. ಇದ್ದವಳು ಒಬ್ಬಳೇ. ಹೆಂಡತಿ ದಾನಮ್ಮನಿಗೆ ಆ ದುಃಖದಲ್ಲೇ ಎದೆಯ ಬೇನೆ ಹತ್ತಿತು. ಬೆಳಿಗ್ಗೆ ಎಡಗೈಯಲ್ಲಿ ಇಷ್ಟಲಿಂಗ ಹಿಡಿದು ಪೂಜೆಗೆ ಕೂತರೆ ಹೊತ್ತು ಏರಿದ್ದೂ ಅವಳಿಗೆ ತಿಳಿಯುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಮಠದ ಅಯ್ಯನವರು ದೀಕ್ಷೆ ಕೊಟ್ಟಾಗ ಹೇಳಿಕೊಟ್ಟಂತೆ, ಅಂಗೈಯ ಲಿಂಗದಲ್ಲಿ ನೆಟ್ಟ ಕಣ್ಣು ನೆಟ್ಟ ಹಾಗೆಯೇ ಇರುತ್ತಿತ್ತು. ಎದ್ದ ಮೇಲೆ ಒಲೆಯ ಕೆಲಸ. ಮಾತು ಬೇಕಾದಷ್ಟೇ.

ಆ ದಿನ ಸಂಜೆ ಗೋಡೆಯ ಪರದೆಯಲ್ಲಿ ಮೌನಯ್ಯನ ಸಿನಿಮಾದ ತುಣುಕು ಬಂತು. ಅಡುಗೆಮನೆಯಲ್ಲಿ ಕುಕ್ಕರು ಕೂಗಿತು. ದಾನಮ್ಮ ಎದ್ದು ಹೋಗಿ ಒಲೆ ಸಣ್ಣ ಮಾಡಿ ಬಂದಳು.

"ಇದೇನ್ರಿ, ಯಾರೋ ನಾಟಕದಾವ ಗಡ್ಡಾ ಹಚ್ಚಿಕೊಂಡು ಕುಂತಂಗ ಐತಿ."

"ಮನಿ ಪರದೆ ಅಷ್ಟ ಅದು. ಟಾಕೀಜಿನ್ಯಾಗ ನೋಡಿದ್ರ ಹಿಂಗ ಅನ್ನಂಗಿಲ್ಲ ನೀ."

"ಅಲ್ಲೇನ ಬ್ಯಾರೆ?"

"ಅಲ್ಲಿ ವೇಷ ಕಾಣಂಗಿಲ್ಲ. ಅಯ್ಯನ ಕಾಣ್ತಾನ."

ದಾನಮ್ಮ ಸೆರಗಿನಿಂದ ಕೈ ಒರೆಸಿಕೊಂಡಳು. "ಹಂಗಾದ್ರ ನಾನೂ ಬರ್ತೇನಿ," ಎಂದಳು.

ವರ್ಷದಲ್ಲಿ ಅವಳು ಎಲ್ಲಿಗಾದರೂ ಬರುತ್ತೇನೆ ಎಂದದ್ದು ಅದೇ ಮೊದಲು. ಗುರುಪಾದಪ್ಪನವರಿಗೆ ಎಷ್ಟು ಹಿಗ್ಗಾಯಿತೆಂದರೆ, ತಮ್ಮ ಇಷ್ಟು ವರ್ಷದ ದುಡಿಮೆಯನ್ನು ಶಿವನು ಇದಕ್ಕಾಗಿಯೇ ಮಾಡಿಸಿದನೇನೋ ಅನ್ನಿಸಿತು.

ಸೋಮವಾರ ಬೆಳಿಗ್ಗೆ ಮುರಿಗೆಪ್ಪನ ಟಾಕೀಜಿನ ಮುಂದೆ ಚಪ್ಪಲಿಗಳ ರಾಶಿ ಬಿದ್ದಿತ್ತು. ಬಿಡಿ ಎಂದು ಯಾರೂ ಹೇಳಿರಲಿಲ್ಲ. ಮೊದಲು ಬಂದ ಮುದುಕಿ ಬಿಟ್ಟಳು, ಹಿಂದೆ ಬಂದವರೂ ಬಿಟ್ಟರು. ಜನರೆಲ್ಲ ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಉಪವಾಸ ಬಂದಿದ್ದರು. ನೇಕಾರರ ಓಣಿಯ ಹೆಂಗಸರು ಇಳಕಲ್ಲ ಸೀರೆಯುಟ್ಟು ಸಾಲುಸಾಲಾಗಿ ಒಳಗೆ ಹೋದರು. ಕ್ಯಾಂಟೀನಿಗೆ ಬೀಗ ಬಿದ್ದಿತ್ತು.

"ಇಂಟರ್ವಲ್ಲಿನ್ಯಾಗ ಮಂದಿ ಏನ ತಿಂತಾರಪಾ?" ಎಂದು ಗುರುಪಾದಪ್ಪನವರು ಕೇಳಿದರು.

"ಇಂಟರ್ವಲ್ಲ ಇಲ್ರಿ ಇವತ್ತ," ಎಂದ ಮುರಿಗೆಪ್ಪ. "ಸೋಮವಾರದ ಮಂದಿಗೆ ಮಿರ್ಚಿ ಮಾರಿ ಯಾವ ನರಕಕ್ಕ ಹೋಗ್ಲಿ? ನಮ್ಮವ್ವ ನಿನ್ನೇನ ಹೇಳ್ಯಾಳ, ಪೂಜಿ ನಡಕ ಎದ್ದಹೋಗೂ ಪದ್ಧತಿ ಎಲ್ಲೈತಿ ಅಂತ."

ಗುರುಪಾದಪ್ಪನವರು ನಕ್ಕರು. ದಾನಮ್ಮನನ್ನು ಮುಂದಿನಿಂದ ನಾಲ್ಕನೆಯ ಸಾಲಿನ ತುದಿಯ ಕುರ್ಚಿಯಲ್ಲಿ ಕೂರಿಸಿ, ಮೇಲೆ ಯಂತ್ರದ ಕೋಣೆಗೆ ಹೋದರು.

ಅಲ್ಲಿ ಫರೀದಾ ಇದ್ದಳು. ಹುಬ್ಬಳ್ಳಿಯ ಹುಡುಗಿ, ಯಂತ್ರದ ಉಸ್ತುವಾರಿ ಅವಳದೇ. ಟಾಕೀಜಿನ ಒಂದೊಂದು ಕುರ್ಚಿಯ ಬೆನ್ನಿಗೂ ಉಸಿರು, ನಾಡಿ ಅಳೆಯುವ ತೆಳ್ಳನೆಯ ಪಟ್ಟಿ ಜೋಡಿಸಿದ್ದರು. ಅವುಗಳ ಗೆರೆಗಳೆಲ್ಲ ಅವಳ ಮುಂದಿನ ಫಲಕದಲ್ಲಿ ಒಂದರ ಕೆಳಗೊಂದು ಓಡುತ್ತಿದ್ದವು. ಯಾರಾದರೂ ಎವೆ ಬಡಿದು ಕೂಡಿಕೆ ಕಳಚಿದರೆ ಆ ಗೆರೆಯಲ್ಲಿ ಒಂದು ಸಣ್ಣ ಗಂಟು ಬೀಳುತ್ತಿತ್ತು.

ಮೊದಲ ಗಂಟೆ ಎಲ್ಲ ಚೆನ್ನಾಗಿಯೇ ನಡೆಯಿತು. ಮೌನಯ್ಯನ ಬಾಲ್ಯ, ಅವನ ತಾಯಿ, ದನ ಕಾಯುವ ಗೆಳೆಯರು. ಜನ ನಕ್ಕರು, ಕೆಮ್ಮಿದರು, ಗೆರೆಗಳು ತಮತಮಗೆ ಬೇಕಾದ ಹಾಗೆ ಕುಣಿದವು. ಆಮೇಲೆ ಅಯ್ಯ ಗವಿಯೊಳಗೆ ಹೋಗಿ ಕೂತ. ಪರದೆಯ ತುಂಬ ಆ ಒಂದು ಮುಖ.

"ಸರ್, ಇಲ್ನೋಡ್ರಿ," ಎಂದಳು ಫರೀದಾ. "ಗೆರಿ ಹೆಂಗ ಕೂಡಾಕತ್ತಾವು. ಇಂಥಾ ಕೂಡಿಕಿ ನಾ ಎಂದೂ ನೋಡಿಲ್ಲ."

ಮಗ್ಗಕ್ಕೆ ಕಟ್ಟಿದ ಹಾಸಿನ ಎಳೆಗಳಂತೆ ಗೆರೆಗಳು ನೇರವಾಗಿ, ಒಂದೇ ಲಯದಲ್ಲಿ ಸಾಗುತ್ತಿದ್ದವು. ಗುರುಪಾದಪ್ಪನವರ ಮನಸ್ಸು ತುಂಬಿಬಂತು. ಎಂದೂ ಒಂದಾಗದ ಮಂದಿ, ಒಬ್ಬರ ನೋವು ಒಬ್ಬರಿಗೆ ತಿಳಿಯದ ಮಂದಿ, ಒಂದೇ ಉಸಿರಾಡುತ್ತಿದ್ದಾರಲ್ಲ ಎಂದುಕೊಂಡರು. ಆ ಹಿಗ್ಗಿನಲ್ಲೇ ಹೆಂಡತಿಯ ಕುರ್ಚಿಯ ಗೆರೆ ಹುಡುಕಿದರು. ಅದೂ ನೇರವಾಗಿತ್ತು. ಬಹಳ ನೇರವಾಗಿತ್ತು.

"ಫರೀದಾ, ಗಂಟು ಎಲ್ಲವ?"

"ಅಂದ್ರ?"

"ಎವಿ ಬಡದ್ರ ಬೀಳೂ ಗಂಟು. ಇಕಿ ಗೆರ್ಯಾಗ ಒಂದೂ ಇಲ್ಲ."

ಫರೀದಾ ಫಲಕದ ಮೇಲೆ ಬೆರಳಾಡಿಸಿದಳು. ಮೇಲಿನ ಸಾಲು ನೋಡಿದಳು, ಕೆಳಗಿನ ಸಾಲು ನೋಡಿದಳು. "ಭಾಳ ಮಂದೀದು ಇಲ್ರಿ ಸರ್. ಯಾರೂ ಎವಿ ಬಡ್ಯಾಕತ್ತಿಲ್ಲ."

ಗುರುಪಾದಪ್ಪನವರು ಫಲಕ ಬಿಟ್ಟು ಕೆಳಗಿನ ಸಾಲುಗಳನ್ನು ನೋಡಿದರು. ಪ್ರತಿದಿನ ಬೆಳಿಗ್ಗೆ ತಮ್ಮ ಮನೆಯಲ್ಲೇ, ಕಣ್ಣೆದುರಿಗೇ ನಡೆಯುತ್ತಿದ್ದ ಪೂಜೆ ಈಗ ನೆನಪಿಗೆ ಬಂತು. ಕೆಳಗೆ ಕೂತವರಲ್ಲಿ ಮುಕ್ಕಾಲು ಪಾಲು ಹುಟ್ಟಿನಿಂದ ಲಿಂಗದಲ್ಲಿ ಕಣ್ಣು ನೆಟ್ಟು ಬೆಳೆದವರು. ಎವೆಯಿಕ್ಕದೆ ನೋಡುವುದನ್ನೇ ಭಕ್ತಿಯೆಂದು ಕಲಿತವರು. ಸಂಗಯ್ಯನೂ ಜಂಗಮರವನೇ, ದಿನಾಲೂ ತಾಸುಗಟ್ಟಲೆ ಪೂಜೆಗೆ ಕೂರುವವನೇ. ವಯಸ್ಸಲ್ಲ, ಅವನನ್ನು ಕೆಡವಿದ್ದು ಆ ನೋಟ. ಚುರುಮುರಿ ತಿನ್ನುವ ಹುಡುಗರ ಕಣ್ಣನ್ನು ಅಳೆದು, ಎಲ್ಲರ ಕಣ್ಣೂ ಹೀಗೆಯೇ ಎಂದು ಅವರು ಸಹಿ ಹಾಕಿದ್ದರು.

ಪರದೆಯ ಮೇಲೆ ಅಯ್ಯನ ಉಸಿರು ಇನ್ನೂ ನಿಧಾನವಾಯಿತು. ಫಲಕದ ಗೆರೆಗಳೆಲ್ಲ ಒಟ್ಟಿಗೇ ಅಗಲವಾದವು.

"ಉಸರ ನಿಲ್ಲಸೂದು ಎಷ್ಟೊತ್ತಿಗೆ?"

"ಹತ್ತ ನಿಮಿಷ ಐತ್ರಿ, ಆದ್ರ ಹೆಚ್ಚು." ಅವಳ ಕೈ ಯಂತ್ರದ ಗುಂಡಿಯತ್ತ ಹೋಯಿತು. "ಬಂದ ಮಾಡ್ಲ್ಯಾ?"

"ಬ್ಯಾಡ! ಸಂಗಯ್ಯ ಒಬ್ಬಾವ ಬಿದ್ದಿದ್ದ. ಇಲ್ಲಿ ಎಲ್ಲಾರೂ ಬೀಳ್ತಾರ. ಎಲ್ಲಾ ಮುದುಕರು, ಖಾಲಿ ಹೊಟ್ಟಿ."

"ಹಂಗಾದ್ರ ಮೆಲ್ಲಕ ಇಳಸೂಣ್ರಿ. ಸಾವಿರದಿಂದ ಐನೂರು, ಆಮ್ಯಾಲ ನೂರು..."

"ಎಷ್ಟೊತ್ತ ಬೇಕು?"

"ಮೈಗೆ ಗೊತ್ತಾಗಲಾರದಂಗ ಇಳಸಬೇಕಂದ್ರ ಅರ್ಧ ತಾಸು." ಅವಳೇ ತಲೆಯಲ್ಲಾಡಿಸಿದಳು. "ದೀಪಾ ಹಚ್ಚಿದ್ರ? ಆ ಸೀನ ಹಾರಿಸಿಬಿಟ್ರ?"

"ಮುಖಾ ಮಾಯ ಆದ್ರೂ ಅಷ್ಟ, ಬೆಳಕ ಬಿದ್ರೂ ಅಷ್ಟ. ಹೊರಗಿಂದ ಹರೀಬಾರದವ್ವಾ ಅದು. ಅವರವರ ಕಣ್ಣ ಅವರವರ ಮುಚ್ಚಬೇಕು."

ಆರುನೂರು ಜನ ತಾವಾಗಿ ಕಣ್ಣು ಮುಚ್ಚಬೇಕು. ಕೂಗಿ ಹೇಳಿದರೆ ಅವರಿಗೆ ಕೇಳಿಸದು. ಬೆಚ್ಚಿಬೀಳುವ ಹಾಗೆ ಕೂಗಿದರೆ ಎದೆ ಒಡೆದೀತು. ಫರೀದಾ ಉಗುರು ಕಚ್ಚುತ್ತ ತನಗೆ ತಾನೇ ಅಂದುಕೊಳ್ಳುವಂತೆ ಹೇಳಿದಳು: "ನಮ್ಮ ಅಮ್ಮೀನ ದರ್ಗಾಕ್ಕ ಕರಕೊಂಡು ಹೋದ್ರ, ಊದಿನ ಹೊಗಿ ಬಂತಂದ್ರ ಸಾಕು, ತಾನ ಕಣ್ಣ ಮುಚ್ಚತಾಳ್ರಿ. ಹೊಗಿಗೆ ಅಲ್ಲ, ರೂಢಿಗೆ."

ಗುರುಪಾದಪ್ಪನವರು ತಟ್ಟನೆ ತಿರುಗಿ ಅವಳನ್ನು ನೋಡಿದರು. "ಆರತಿ," ಎಂದರು. "ಆರತಿ ತಗೊಂಡ ಮ್ಯಾಲ ಎಲ್ಲಾರೂ ಕೈ ಕಣ್ಣಿಗೆ ಒತ್ತಿಗೋತಾರ. ನೀ ಗೆರಿ ನೋಡಕೋತ ಇರು, ನನ್ನ ಕಿವ್ಯಾಗ ಹೇಳಕೋತ ಇರು." ಕಿವಿಗೆ ಸಣ್ಣ ಯಂತ್ರ ಸಿಕ್ಕಿಸಿಕೊಂಡು ಮೆಟ್ಟಿಲಿಳಿದು ಓಡಿದರು. ಅವರು ಓಡಿ ಎಷ್ಟೋ ವರ್ಷವಾಗಿತ್ತು.

ಚಿತ್ರ ಮುಗಿದ ಮೇಲೆ ಪರದೆಗೆ ಮಂಗಳಾರತಿ ಮಾಡಿಸಬೇಕೆಂದು ಮುರಿಗೆಪ್ಪ ಪಕ್ಕದ ಪಡಸಾಲೆಯಲ್ಲಿ ಓಣಿಯ ಹೆಂಗಸರನ್ನು ತಾಟು, ಕರ್ಪೂರದೊಡನೆ ತಯಾರು ನಿಲ್ಲಿಸಿದ್ದ.

"ಈಗ ಹಚ್ಚಸು ಮುರಿಗೆಪ್ಪಾ. ಈಗಿಂದೀಗ, ಸಾಲಸಾಲಿಗೂ ಕಳಸು."

"ಏನ್ ಮಾತಾಡ್ತೀರಿ ಸರ್?" ಮುರಿಗೆಪ್ಪ ಅವರನ್ನು ಮೇಲಿಂದ ಕೆಳಗೆ ನೋಡಿದ. "ಅಯ್ಯಗೋಳು ಐಕ್ಯ ಆಗೂಕಿಂತ ಮೊದಲ ಮಂಗಳಾರತಿ? ಪೂಜಿ ನಡಕ ಮುರದಂಗ ಅಲ್ಲೇನ್ರಿ? ಊರ ಮಂದಿ ನನ್ನ ಮಾರಿಗೆ ಉಗುಳ್ತಾರ."

"ಉಗುಳಾಕ ಮಂದಿ ಉಳೀಬೇಕಲ್ಲೋ!" ಗುರುಪಾದಪ್ಪನವರು ಅವನ ತೋಳು ಹಿಡಿದರು. "ಅಲ್ಲಿ ಪರದೆ ಮ್ಯಾಲ ಉಸರ ನಿಂತ್ರ ಒಳಗ ಕುಂತವ್ರದೂ ನಿಲ್ಲತೈತಿ. ಯಂತ್ರ ಮಾಡಿದಾವ ನಾ, ನಾ ಹೇಳಾಕತ್ತೀನಿ. ನನ್ನ ಹೇಣ್ತಿ ಒಳಗದಾಳ. ನಿಮ್ಮವ್ವನೂ ಒಳಗದಾಳ."

ಮುರಿಗೆಪ್ಪ ಬಾಗಿಲ ಸಂದಿನಿಂದ ಒಳಗೆ ಇಣುಕಿದ. ಅವನ ತಾಯಿ ಮುಂದಿನ ಸಾಲಿನಲ್ಲಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಎಂಥ ಮಾತಿಗೂ ಎದುರಾಡುವ, ನಿಂತಲ್ಲಿ ನಿಲ್ಲದ ಮುದುಕಿ ಕಲ್ಲಿನಂತೆ ಕೂತಿದ್ದಳು. ಮುರಿಗೆಪ್ಪ ಜೇಬಿನಿಂದ ಕಡ್ಡಿಪೆಟ್ಟಿಗೆ ತೆಗೆದು ತಾನೇ ಗೀರಿದ.

"ಪರದೆ ಕಡೆ ಯಾರೂ ಕಣ್ಣೆತ್ತಬ್ಯಾಡ್ರಿ. ತಾಟ ನೋಡಕೋತ ಹೋಗ್ರಿ," ಎಂದು ಗುರುಪಾದಪ್ಪನವರು ಹೆಂಗಸರಿಗೆ ಹೇಳಿ, ತಾವೂ ಒಂದು ತಾಟು ತೆಗೆದುಕೊಂಡರು.

ಕತ್ತಲೆಯಲ್ಲಿ ಸಣ್ಣ ಸಣ್ಣ ಉರಿಗಳು ಸಾಲುಗಳ ನಡುವೆ ಸರಿಯತೊಡಗಿದವು. ತಾಟಿನ ಬಿಸಿ ತಗಲಿದೊಡನೆ ಜನರ ಕೈಗಳು ಎದ್ದವು. ಕಣ್ಣು ಪರದೆಯಲ್ಲೇ ಇದ್ದರೂ ಕೈಗಳಿಗೆ ತಮ್ಮ ಕೆಲಸ ಗೊತ್ತಿತ್ತು. ಉರಿಯ ಮೇಲೆ ಆಡಿ, ಕಣ್ಣಿಗೆ ಒತ್ತಿಕೊಂಡವು. ಒತ್ತಿದ ಅಂಗೈಗಳ ಹಿಂದೆ ಒಂದು ದೀರ್ಘ ಉಸಿರು ಬಂತು, ಒಂದು ಕೆಮ್ಮು ಬಂತು, ಶಿವಾ ಎಂಬ ಮಾತು ಬಂತು.

"ಬಿಚ್ಚಾಕತ್ತಾವ್ರಿ ಸರ್," ಎಂದಳು ಫರೀದಾ ಕಿವಿಯಲ್ಲಿ. "ಮುಂದಿನ ಸಾಲು ಪೂರಾ ಬಿಚ್ಚೇತಿ. ಎಡಗಡೆ ಆಗಾಕತ್ತೇತಿ. ಲಗೂ ಮಾಡ್ರಿ, ಉಸರ ನಿಲ್ಲೂ ಹೊತ್ತಾತು."

ಮುಂದಿನ ಸಾಲಿನಿಂದ ಮುರಿಗೆಪ್ಪನ ತಾಯಿಯ ದನಿ ಕೇಳಿಸಿತು: "ಇಷ್ಟ ಲಗೂನ ಮುಗದ ಹೋತೇನಲೇ? ದುಡ್ಡ ಉಳಸಿದ್ಯೇನ?"

ಹಿಂದೆಲ್ಲೋ ಒಬ್ಬ ಮುದುಕ ಪಕ್ಕಕ್ಕೆ ವಾಲಿದ. ಇಬ್ಬರು ಹಿಡಿದುಕೊಂಡು ಹೊರಗೆ ಕರೆದೊಯ್ದರು. ಅವನು ತನ್ನ ಕಾಲ ಮೇಲೆಯೇ ನಡೆದು ಹೋದ. ಗುರುಪಾದಪ್ಪನವರು ತಾಟಿನ ಉರಿಯನ್ನೇ ನೋಡುತ್ತ ನಾಲ್ಕನೆಯ ಸಾಲಿಗೆ ಬಂದರು. ದಾನಮ್ಮನ ಮುಂದೆ ತಾಟು ಹಿಡಿದರು. ಅವಳ ಕೈ ತೊಡೆಯ ಮೇಲಿಂದ ಏಳಲಿಲ್ಲ.

ಹತ್ತಿರ ಬಾಗಿ ಮುಖ ನೋಡಿದರು. ಮಗಳು ಹೋದ ಮೇಲೆ ಆ ಮುಖದಲ್ಲಿ ಅಂಥ ಶಾಂತಿಯನ್ನು ಅವರು ಕಂಡಿರಲಿಲ್ಲ. ಬಾಗಿಲು ತೆರೆದಿದೆ, ಒಳಗೆ ಕಾಲಿಡುವುದೊಂದೇ ಬಾಕಿ ಎಂಬಂತೆ ಕೂತಿದ್ದಳು. ಇವಳಿಗೆ ಬರಲು ಇಷ್ಟವಿಲ್ಲ ಎಂದು ಅವರಿಗೆ ಆಗ ತಿಳಿಯಿತು.

"ದಾನವ್ವಾ, ಆರತಿ ತಗೋ," ಎಂದರು.

ಅಲುಗಾಡಲಿಲ್ಲ.

"ಸರ್, ಅಯ್ಯ ಉಸರ ಬಿಟ್ಟಾ. ಇನ್ನ ಒಳಗ ಎಳಕೊಳ್ಳಾಂಗಿಲ್ಲ," ಎಂದಿತು ಕಿವಿಯ ದನಿ. "ಬ್ಯಾರೆ ಎಲ್ಲಾ ಬಿಚ್ಚ್ಯಾವು, ನಿಮ್ಮ ಮನ್ಯಾಗಿನವ್ರ ಗೆರಿ ಒಂದ ಉಳದೈತಿ."

ಗಂಗಾ ಇದ್ದಷ್ಟು ದಿನ ಅವರು ಹೆಂಡತಿಯನ್ನು ಹೆಸರು ಹಿಡಿದು ಕರೆದವರಲ್ಲ. ಗಂಗಾನ ಅವ್ವ ಎಂದೇ ಕರೆಯುತ್ತಿದ್ದರು. ಮಗಳನ್ನು ಮಣ್ಣಿಗೆ ಕೊಟ್ಟ ದಿನದಿಂದ ಆ ಮಾತು ಬಾಯಿಂದ ಹೊರಡದಾಗಿತ್ತು. ಈಗ ಹೊರಟಿತು. "ಗಂಗಾನ ಅವ್ವಾ, ನನ್ನ ಒಬ್ಬನ್ನ ಬಿಟ್ಟ ಹೋಗಬ್ಯಾಡ."

ಅವಳ ಕಣ್ಣು ಪರದೆ ಬಿಟ್ಟು ಕದಲಲಿಲ್ಲ. ಅವಳು ಏನು ನೋಡುತ್ತಿದ್ದಾಳೋ ಅದನ್ನು ತಾನೂ ನೋಡದೆ ಅವಳನ್ನು ಹೇಗೆ ಕರೆತರುವುದು? ಯಾರಿಗೂ ನೋಡಬೇಡಿ ಎಂದಿದ್ದವರು ತಾವೇ ತಲೆಯೆತ್ತಿದರು.

ಅಲ್ಲಿ ನಟನಿರಲಿಲ್ಲ, ಗಡ್ಡವಿರಲಿಲ್ಲ, ಪರದೆಯೂ ಇರಲಿಲ್ಲ. ಎಲ್ಲವನ್ನೂ ಬಲ್ಲ ಒಂದು ಮುಖವಿತ್ತು. ಅವರೂ ಬಾಲ್ಯದಿಂದ ಅಂಗೈಯ ಲಿಂಗ ನೋಡಿ ಬೆಳೆದವರೇ. ಕಣ್ಣು ಅಲ್ಲೇ ನೆಟ್ಟಿತು. ಎದೆಯೊಳಗಿದ್ದ ವರ್ಷದ ಭಾರ ಮೆಲ್ಲಗೆ ಇಳಿಯಿತು. ಕಿವಿಯಲ್ಲಿ ಫರೀದಾ ಏನೋ ಕೂಗುತ್ತಿದ್ದಳು. ಅದು ದೂರದ ಹೊಲದ ಕೂಗಿನಂತೆ ಕೇಳಿಸಿತು. ಉಸಿರು ಬೇಕೆಂದು ಎದೆ ಕೇಳಲೇ ಇಲ್ಲ. ಕೈಯಲ್ಲಿ ಏನಿದೆ ಎಂಬುದು ಮರೆಯಿತು. ತಾಟು ವಾಲಿತು. ಉರಿಯುವ ಕರ್ಪೂರ ಅಂಚಿಗೆ ಜಾರಿ ಅವರ ಅಂಗಿಯ ತೋಳಿನತ್ತ ಉರುಳಿತು.

ಆರತಿಯ ತಾಟು ಬೀಳುವುದನ್ನು ಕಂಡು ಯಾವ ಹೆಣ್ಣುಮಗಳು ಸುಮ್ಮನಿದ್ದಾಳು? ಕಣ್ಣಂಚಿನಲ್ಲಿ ಉರಿ ಕಂಡದ್ದೇ ತಡ, ದಾನಮ್ಮನ ಕೈ ತಾಟಿನ ಅಡಿಗೆ ಬಂತು. ಮುಖ ತಿರುಗಿತು. ಗಂಡ ನಿಂತ ನಿಲುವನ್ನು, ಕಪ್ಪಿಟ್ಟ ತುಟಿಯನ್ನು ಅವಳು ಕಂಡಳು. ಇನ್ನೊಂದು ಅಂಗೈಯನ್ನು ಉರಿಯ ಮೇಲೆ ಹಿಡಿದು ಅವರ ಕಣ್ಣುಗಳಿಗೆ ಗಟ್ಟಿಯಾಗಿ ಒತ್ತಿದಳು.

ಬೆಚ್ಚನೆಯ ಕತ್ತಲಾಯಿತು. ಆ ಕತ್ತಲಲ್ಲಿ ಕರ್ಪೂರದ ವಾಸನೆಯೂ, ಬೆಳಿಗ್ಗೆ ಅವಳು ತೇದ ವಿಭೂತಿಯ ವಾಸನೆಯೂ ಇತ್ತು.

"ತಾಟ ಹಿಡ್ಯಾಕ ಬರೂದಿಲ್ಲ, ಆರತಿ ಮಾಡಾಕ ಬಂದಾರ," ಎಂದಳು ದಾನಮ್ಮ ಏದುಸಿರು ಬಿಡುತ್ತ. ಅಷ್ಟು ಸಿಟ್ಟಿನಿಂದ ಅವಳು ಮಾತಾಡಿ ಒಂದು ವರ್ಷವಾಗಿತ್ತು. "ಉಸರ ತಗೋರಿ ಮೊದ್ಲ. ತಗೋರಿ ಅಂದ್ನೆಲ್ಲಾ."

ಗುರುಪಾದಪ್ಪನವರು ಉಸಿರು ಎಳೆದುಕೊಂಡರು. ಅದು ನೋಯಿತು. ಇನ್ನೊಮ್ಮೆ ಎಳೆದುಕೊಂಡರು. ಅವಳು ಕಣ್ಣ ಮೇಲಿನ ಕೈ ತೆಗೆಯಲಿಲ್ಲ. ಅವರೂ ತೆಗೆ ಎನ್ನಲಿಲ್ಲ.